ಇಪ್ಪತ್ತೊಂದನೆಯ ದಿನದ ಉಸಿರು

ಲಸಿಕೆಯ ವೈರಾಣು ಗಂಟಲಲ್ಲಿ ಜೀವಂತವಾಗಿರುವ ಇಪ್ಪತ್ತೊಂದು ದಿನ ಕೋಳಿಮರಿಗಳು ಮಾತಾಡುತ್ತವೆ. ಆಮೇಲೆ ಬರೀ ಚಿಂವ್‌ಗುಟ್ಟುತ್ತವೆ. ಮನೆಯಲ್ಲಿ ಮಾತಿಗೆ ಯಾರೂ ಇಲ್ಲದ ಲಸಿಕೆ ಪರೀಕ್ಷಕಿ ಇಂದುಮತಿ, ಕೊನೆಯ ದಿನ ಬೇಕೆಂದೇ ನಿಧಾನವಾಗಿ ಒಂದೊಂದು ಮರಿಯನ್ನೂ ಕಿವಿಗೆ ಹಿಡಿದು ಉಸಿರು ಕೇಳಿದಳು. ರೋಗದ ಗೊರಗೊರ ಸದ್ದು ಯಾವ ಮರಿಯಲ್ಲೂ ಇರಲಿಲ್ಲ.

“ಡಾಕ್ಟ್ರಮ್ಮಾ, ಮುಖ ಯಾಕೆ ಹಂಗಿದೆ?” ಕೊನೆಯ ಮರಿ ಕೇಳಿತು.

“ನೀವೆಲ್ಲ ಪಾಸು. ನಾಳೆಯಿಂದ ನಂಗೆ ಬೈಯೋಕೂ ಯಾರೂ ಇಲ್ಲ.”

“ಸುಳ್ಳು ಕೆಮ್ಮು ಕೆಮ್ಲಾ? ಆಗ ಲಸಿಕೆ ಫೇಲು ಅಂತ ಇನ್ನೊಂದು ಡೋಸ್ ಹಾಕಿ, ಮತ್ತೆ ಇಪ್ಪತ್ತೊಂದು ದಿನ ನೋಡ್ತೀರಲ್ಲ.”

ವರದಿ ಬರೆಯುತ್ತಿದ್ದ ಇಂದುಮತಿಯ ಪೆನ್ನು ನಿಂತಿತು. ಹೊರಗೆ ಕೋಳಿ ಫಾರಂಗಳಲ್ಲಿ ಮರಿಗಳು ಅದೇ ರೋಗದಿಂದ ಉಸಿರುಕಟ್ಟಿ ಸಾಯುತ್ತಿದ್ದವು. ಎಲ್ಲರೂ ಈ ಲಸಿಕೆಗೇ ಕಾಯುತ್ತಿದ್ದರು.

“ಬೇಡ ಕಣೋ ಕಳ್ಳ,” ಎಂದು ‘ಸುರಕ್ಷಿತ’ ಅಂತ ಬರೆದಳು. “ಸಂಜೆತನಕ ಟೈಮಿದೆ. ಬಾ, ಏನಾದ್ರೂ ಮಾತಾಡು.”

ಮರಿ ಅವಳ ಅಂಗೈಯಲ್ಲಿ ಕೂತು, ಬೆಳಗ್ಗೆ ತಿಂದ ನುಚ್ಚಿನ ರುಚಿಯಿಂದ ಶುರು ಮಾಡಿತು.