ತವರು ಸಮೇತ ಬಂದ ಗಂಟು

ಪ್ರೋಗ್ರಾಮರ್ ಹೊರಿಯಾ ಕೀಬೋರ್ಡ್ ಮುಟ್ಟಿದರೆ ಸಾಕು, ರೊಮೇನಿಯಾದ ತಿಮಿಶ್ವಾರಾ ನಗರದ ಟ್ರಾಮುಗಳೆಲ್ಲ ನಿಂತು ದಾರಿ ಬಿಡುತ್ತಿದ್ದವು. ಅವನ ಕೋಡಿನಲ್ಲಿ ತಪ್ಪು ಹುಡುಕಲು ಹೊರಟ ಏಳು ಕಂಪ್ಯೂಟರುಗಳು ನಾಚಿಕೆಯಿಂದಲೇ ಕೆಟ್ಟುಹೋಗಿದ್ದವು. ಇಂಥ ಹೊರಿಯಾನ ಹೊಟ್ಟೆಯಲ್ಲಿ ಆ ಶುಕ್ರವಾರ ಬೆಳಿಗ್ಗೆ ಬೆಂಕಿ ಬಿದ್ದಿತ್ತು. ಹೊಸ ತಂಡದ ನಾಯಕತ್ವ ಅವನಿಗೋ, ಎದುರು ಮೇಜಿನ ಸ್ಮರಾಂಡಾಳಿಗೋ ಎಂದು ಮೇಲಧಿಕಾರಿ ಒಕ್ಟಾವಿಯಾನ್ ಇನ್ನೊಂದು ಗಂಟೆಯಲ್ಲಿ ತೀರ್ಮಾನಿಸುವವನಿದ್ದ.

ಪರೀಕ್ಷೆ ಒಂದೇ: ಒಂದು ಯಂತ್ರದಲ್ಲಿ ಹುಟ್ಟಿದ ಕ್ಲೋಶರನ್ನು ಗಂಟು ಕಟ್ಟಿ ಇನ್ನೊಂದು ಯಂತ್ರಕ್ಕೆ ಕಳಿಸಿ ಓಡಿಸಬೇಕು. ಕ್ಲೋಶರ್ ಎಂದರೆ ತವರಿನ ಸಾಮಾನನ್ನು, ಅಂದರೆ ತಾನು ಹುಟ್ಟಿದ ಪ್ರೋಗ್ರಾಮಿನ ಅಂಕಿಅಂಶಗಳನ್ನು, ಮಡಿಲಲ್ಲಿ ಕಟ್ಟಿಕೊಂಡೇ ತಿರುಗುವ ಫಂಕ್ಷನ್. ಬರಿಗೈಯಲ್ಲಿ ಕಳಿಸಿದರೆ ಹೊಸ ಜಾಗದಲ್ಲಿ ಕಂಗಾಲಾಗಿ ನಿಲ್ಲುತ್ತದೆ. ಸಾಮಾನು ಸಮೇತ ಕಳಿಸೋಣವೆಂದರೆ ತವರು ಎಲ್ಲಿಗೆ ಮುಗಿಯುತ್ತದೆಂದು ಯಾರಿಗೂ ಗೊತ್ತಿಲ್ಲ.

ಸ್ಮರಾಂಡಾ ತನ್ನಿಂದಾಗದೆಂದು ನೇರವಾಗಿ ಒಪ್ಪಿಕೊಂಡಳು. ಬೇಕಾದ ಎರಡು ಅಂಕಿಗಳನ್ನಷ್ಟೇ ಸಾದಾ ಫಂಕ್ಷನ್ನಿನ ಕೈಗೆ ಕೊಟ್ಟು ಕಳಿಸುವುದೇ ಕ್ಷೇಮ ಎಂದಳು. ಒಕ್ಟಾವಿಯಾನ್ ತಲೆದೂಗಿದ. ಆಗದೆಂದವಳಿಗೂ ತಲೆದೂಗುತ್ತಾನಲ್ಲ ಎಂಬ ಸಿಟ್ಟಿಗೆ ಹೊರಿಯಾನ ಮುಷ್ಟಿಯಲ್ಲಿದ್ದ ಎಳ್ಳು ಮೆತ್ತಿದ ಕೊವ್ರಿಗ್ ಬ್ರೆಡ್ಡು ಪುಡಿಪುಡಿಯಾಯಿತು.

“ನಂದು ಹಾಗೇ ಹೋಗುತ್ತೆ, ಮಣ್ಣು ಬೇರು ಸಮೇತ,” ಎಂದ. “ಬೇಕಾದ್ರೆ ಚಂದ್ರನ ಮೇಲೂ ಓಡಿಸ್ತೀನಿ.”

“ಚಂದ್ರ ಇರ್ಲಿ ಮಾರಾಯ, ಮೊದ್ಲು ನನ್ನ ಯಂತ್ರಕ್ಕೆ ಕಳಿಸು,” ಎಂದಳು ಸ್ಮರಾಂಡಾ.

ಕಳಿಸಿದ. ಓಡಿತು ಕೂಡ. ಹೊರಿಯಾನ ಎದೆ ಕಾರ್ಪೇಥಿಯನ್ ಬೆಟ್ಟಸಾಲಿನಷ್ಟು ಉಬ್ಬಿತು. ಆದರೆ ಮೂರು ಸಾಲಿನ ಫಂಕ್ಷನ್ನಿಗೆ ಇಷ್ಟು ದಪ್ಪ ಗಂಟು ಯಾಕೆಂದು ಒಕ್ಟಾವಿಯಾನ್ ಬಿಚ್ಚಿಸಿ ನೋಡಿದ. ಹೊರಿಯಾ ಆ ಫಂಕ್ಷನ್ ಬರೆದದ್ದು ತನ್ನ ಖಾಸಗಿ ಟಿಪ್ಪಣಿಗಳಿದ್ದ ಪ್ರೋಗ್ರಾಮಿನ ಒಳಗೇ. ಅದು ಒಂದೇ ಒಂದು ಅಂಕಿಗೆ ಕೈಚಾಚಿದ್ದೇ ತಡ, ಗಂಟು ಕಟ್ಟುವ ಕೋಡ್ ಆ ಟಿಪ್ಪಣಿಗಳ ಸಮೇತ ಇಡೀ ಮನೆಯನ್ನೇ ಎತ್ತಿ ತುರುಕಿತ್ತು.

ಪರದೆಯ ಮೇಲೆ ಉದ್ದನೆಯ ಪಟ್ಟಿ ಇಳಿಯಿತು. ಮೇಲೆ ‘ಸ್ಮರಾಂಡಾಳ ತಪ್ಪುಗಳು’ ಎಂದಿತ್ತು. ಅವಳು ಮನಸ್ಸಿನಲ್ಲೇ ಓದಿಕೊಂಡಳು. ಮಂಗಳವಾರ: ಅವಳ ಕೋಡ್ ನನ್ನದಕ್ಕಿಂತ ಎರಡು ಪಟ್ಟು ವೇಗ. ಬುಧವಾರ: ಸಂದೇಹ ಬಂದಾಗ ಎಲ್ಲರೂ ಅವಳನ್ನೇ ಕೇಳಿದರು. ಗುರುವಾರ: ನಾನು ಮೂರು ದಿನ ಒದ್ದಾಡಿದ್ದನ್ನು ಕಾಫಿ ಆರುವುದರೊಳಗೆ ಮುಗಿಸಿದಳು.

“ಇದ್ರಲ್ಲಿ ನನ್ನ ತಪ್ಪು ಎಲ್ಲಿದೆ, ಹೊರಿಯಾ?”

ಹೊರಿಯಾ ಮೇಜಿನ ಮೇಲೆ ಚೆಲ್ಲಿದ್ದ ಎಳ್ಳನ್ನು ಒಂದೊಂದಾಗಿ ಆಯತೊಡಗಿದ.

“ಎರಡು ತಿಂಗಳಿಂದ ಹುಡುಕ್ತಾ ಇದೀನಿ,” ಎಂದ. “ಇನ್ನೂ ಒಂದೂ ಸಿಕ್ಕಿಲ್ಲ.”