ಮೊರದಲ್ಲಿ ಒಂದು ಚಿಟಿಕೆ

"ಯಾರದಪ್ಪ ಹರಕೆ?" ಎಂದು ಶಾಂತಮಲ್ಲಮ್ಮ ಕೇಳಿದಾಗ, ಜಗಲಿಯ ಮುಂದೆ ಡಬ್ಬ ಹಿಡಿದು ನಿಂತಿದ್ದ ಮೂವರು ಕಾಲೇಜು ಮಕ್ಕಳು ಮುಖ ಮುಖ ನೋಡಿಕೊಂಡರು.

"ಹರಕೆ ಅಲ್ಲ ಅಜ್ಜಿ," ಎಂದ ಗಿರೀಶ್. ಗುಂಡ್ಲುಪೇಟೆಯಿಂದ ಬೆಳಗಿನ ಬಸ್ಸಿಗೆ ಬಂದು ತೆರಕಣಾಂಬಿಯ ಎರಡು ಬೀದಿ ಮುಗಿಸಿದ್ದ ಅವನಿಗೆ ಹೇಳಬೇಕಾದ ಮಾತೆಲ್ಲ ಬಾಯಿಪಾಠವಾಗಿತ್ತು. "ಹರವೆಯ ಮಾದೇಶ್ ಎಂಬ ಏಳು ವರ್ಷದ ಬಾಲಕನಿಗೆ ಹೃದಯದಲ್ಲಿ ರಂಧ್ರವಿದ್ದು, ಬರುವ ಸೋಮವಾರ ಮೈಸೂರಿನಲ್ಲಿ ಆಪರೇಷನ್ ಆಗಬೇಕಾಗಿದ್ದು..."

"ಅದೇ ಕಣಪ್ಪ ನಾನು ಕೇಳಿದ್ದು. ಆ ಕೂಸಿನ ಕಡೆಯೋರು ಯಾರು ಬಂದಿದೀರಿ?"

"ಮನೆಯವರು ಯಾರೂ ಬಂದಿಲ್ಲ ಅಜ್ಜಿ. ಈ ನಾಗಲಕ್ಷ್ಮಿ ಇದ್ದಾಳಲ್ಲ, ಇವಳೂರ ಹುಡುಗ. ಇವಳೇ ಬಂದು ಕ್ಲಾಸಲ್ಲಿ ಹೇಳಿದ್ದು."

ನಾಗಲಕ್ಷ್ಮಿ ಇಬ್ಬರು ಹುಡುಗರ ಹಿಂದೆ ನಿಂತಿದ್ದಳು. ಡಬ್ಬ ಅವಳ ಕೈಯಲ್ಲೇ ಇತ್ತು. ಆದರೆ ಡಬ್ಬಕ್ಕೆ ಅಂಟಿಸಿದ್ದ ಹುಡುಗನ ಫೋಟೊವನ್ನು ಅವಳು ತನ್ನ ಹೊಟ್ಟೆಯ ಕಡೆಗೆ ತಿರುಗಿಸಿಕೊಂಡಿದ್ದಳು. ಕೇಳಲು ಬಂದವರು ತೋರಿಸಬೇಕಾದ್ದನ್ನೇ ಮುಚ್ಚಿಕೊಳ್ಳುವುದು ಯಾಕೆ? ಶಾಂತಮಲ್ಲಮ್ಮನಿಗೆ ಕುತೂಹಲ ತಡೆಯಲಾಗಲಿಲ್ಲ.

"ಒಸಿ ಇತ್ತಗೆ ತಿರುಗ್ಸವ್ವ. ಕೂಸು ಎಂಗದೆ ನೋಡ್ತೀನಿ."

ಸಮವಸ್ತ್ರ ತೊಟ್ಟ ಹುಡುಗ, ಮುಂದಿನ ಎರಡು ಹಲ್ಲು ಬಿದ್ದ ಬಾಯಿ ತೆರೆದು ನಗುತ್ತಿದ್ದ. ಹಣೆಯಂಚಿನ ಕೂದಲಲ್ಲಿ ಜೋಡಿ ಸುಳಿ. ಎತ್ತು ಕೊಳ್ಳುವಾಗ ಹಲ್ಲಿಗಿಂತ ಮೊದಲು ಸುಳಿ ನೋಡುವ ಮನೆಯಲ್ಲಿ ಹುಟ್ಟಿದವಳು ಶಾಂತಮಲ್ಲಮ್ಮ. ಫೋಟೊದಿಂದ ಕಣ್ಣೆತ್ತಿ ಹುಡುಗಿಯ ಹಣೆ ನೋಡಿದಳು. ನಾಗಲಕ್ಷ್ಮಿ ತಟ್ಟನೆ ತಲೆ ತಗ್ಗಿಸಿದಳು. ಅದರಿಂದ ಅವಳ ಜೋಡಿ ಸುಳಿ ಇನ್ನೂ ಚೆನ್ನಾಗಿ ಕಂಡಿತು.

ಮುದುಕಿ ಒಳಗೆ ಹೊರಟಳು. "ಸ್ಕ್ಯಾನ್ ಮಾಡೋದಾದ್ರೆ ಕಾರ್ಡ್ ಇದೆ ಅಜ್ಜಿ," ಎಂದು ಗಿರೀಶ್ ಹಿಂದಿನಿಂದ ಕೂಗಿದ.

"ನನ್ನ ಫೋನು ಮಗಳ ಕೈಲಿ ಬಯ್ಸ್ಕಳಾಕೆ ಮಾತ್ರ ಕಣಪ್ಪ."

ಬಂದಾಗ ಕೈಯಲ್ಲಿ ಮೊರ, ಮೊರದ ತುಂಬ ರಾಗಿ, ರಾಗಿಯ ಮೇಲೆ ಇನ್ನೂರರ ಒಂದು ನೋಟು. ನೋಟನ್ನು ತಾನೇ ಮಡಚಿ ಡಬ್ಬಕ್ಕೆ ಹಾಕಿದಳು.

"ರಾಗಿ ತಕಂಡು ಏನ್ಮಾಡನ್ಲಾ?" ಗಿರೀಶ್ ಪಿಸುಗುಟ್ಟಿದ.

"ಅಂಗಡಿಗೆ ಆಕುದ್ರೆ ಅದೂ ದುಡ್ಡೇ ಕಣ್ಲಾ, ಸುಮ್ನಿರು," ಎಂದ ಇನ್ನೊಬ್ಬ ಹುಡುಗ ಮಲ್ಲೇಶ್.

"ನಿಮ್ ಪ್ಯಾಂಟಲ್ಲಿ ಮಡ್ಲು ಎಲ್ಲಿ ಬಂದದು? ನೀನು ಬಾರವ್ವ, ದುಪ್ಪಟ್ಟ ಒಡ್ಡು," ಎಂದಳು ಶಾಂತಮಲ್ಲಮ್ಮ.

ನಾಗಲಕ್ಷ್ಮಿ ಡಬ್ಬವನ್ನು ಮಲ್ಲೇಶನ ಕೈಗಿಟ್ಟು, ಮುಂದೆ ಬಂದು ದುಪ್ಪಟ್ಟ ಒಡ್ಡಿದಳು. ರಾಗಿ ಸುರಿಯಿತು. ಶಾಂತಮಲ್ಲಮ್ಮ ಬರಿದಾದ ಮೊರವನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಚಾಚಿದ ಹಾಗೇ ಹಿಡಿದು ನಿಂತಳು. ಹರಕೆ ಹೊತ್ತು ಬೆಟ್ಟದ ದೇವರು ಮಾದಪ್ಪನ ಹೆಸರಿನಲ್ಲಿ ಬೇಡಲು ಹೋದವರಿಗೆ ಒಂದು ಕ್ರಮವಿದೆ. ಪಡೆದ ಕಾಳಿನಲ್ಲಿ ಒಂದು ಚಿಟಿಕೆಯನ್ನು ಕೊಟ್ಟವರ ಮೊರಕ್ಕೆ ಮರಳಿ ಹಾಕಬೇಕು, ಕೊಟ್ಟ ಮನೆ ಬರಿದಾಗಬಾರದು. ಈ ಕಾಲದ ಹುಡುಗಿಗೆ ಅದು ಗೊತ್ತಿದ್ದೀತೇ ಎಂದು ಅವಳ ಬೆರಳುಗಳನ್ನೇ ನೋಡುತ್ತಿದ್ದಳು.

"ಬತ್ತೀವಿ ಅಜ್ಜಿ. ನಡೀರ್ಲಾ ಹೋಗನ," ಎಂದ ಗಿರೀಶ್.

ಹುಡುಗಿ ಅಲುಗಲಿಲ್ಲ. ಒಂದು ಕೈಯಲ್ಲಿ ಮಡಿಲನ್ನು ಬಿಗಿಹಿಡಿದು, ಇನ್ನೊಂದು ಕೈಯ ಮೂರು ಬೆರಳಲ್ಲಿ ರಾಗಿ ಹಿಡಿದು ಮೊರಕ್ಕೆ ಉದುರಿಸಿದಳು. ಬೆರಳನ್ನು ಕಣ್ಣಿಗೊತ್ತಿಕೊಂಡಳು. "ನಿಮ್ಮನೆ ತುಂಬಿರ್ಲಿ ಅವ್ವ." ಬಂದಾಗಿನಿಂದ ಅವಳು ಆಡಿದ ಮೊದಲ ಮಾತು ಅದು.

"ಯಾರು ಕಲಿಸ್ದೋರು?"

"ನಮ್ಮಪ್ಪ. ಚಿಕ್ಕೋಳಿದ್ದಾಗ ಭಿಕ್ಷಕ್ಕೆ ನನ್ನೂ ಕರ್ಕ ಓಯ್ತಿತ್ತು."

"ಆಗ ನಾಚ್ಕೆ ಆಯ್ತಿತ್ತಾ?"

"ಇಲ್ಲ. ಅಪ್ಪ ಮುಂದಿರ್ತಿತ್ತಲ್ಲ."

ಹುಡುಗರು ಬೀದಿಗೆ ಇಳಿದಿದ್ದರು. ಶಾಂತಮಲ್ಲಮ್ಮ ದನಿ ತಗ್ಗಿಸಿದಳು. "ನನ್ನ ಮಗಳಿಗೆ ಜ್ವರ ಏರ್ದಾಗ ನಾನೂ ಮಡ್ಲು ಒಡ್ಡಿದೀನಿ ಕಣವ್ವ. ಮೊದಲ್ನೇ ಬಾಗ್ಲಲ್ಲಿ ಗಂಟ್ಲು ಕಟ್ತದೆ. ಆಮ್ಯಾಕೆ ಬುಡ್ತದೆ." ಹುಡುಗಿಯ ಹಣೆಯ ಸುಳಿಯನ್ನು ಬೆರಳಿನಿಂದ ಮೆಲ್ಲಗೆ ಸವರಿದಳು. "ವಾಸಿಯಾದ ಮ್ಯಾಕೆ ತಮ್ಮನ್ನ ಕರ್ಕ ಬಾ."

ನಾಗಲಕ್ಷ್ಮಿ ಬೆಚ್ಚಿ ಹುಡುಗರ ಕಡೆ ತಿರುಗಿದಳು. ಅವರಿಗೆ ಕೇಳಿಸಿರಲಿಲ್ಲ. ಮಡಿಲು ಹಿಡಿದುಕೊಂಡು ಮೆಟ್ಟಿಲಿಳಿದಳು.

ಒಲೆಯ ಮೇಲೆ ಹುರುಳಿ ಬೇಯುತ್ತಿತ್ತು. ಆದರೂ ಶಾಂತಮಲ್ಲಮ್ಮ ಒಳಗೆ ಹೋಗಲಿಲ್ಲ. ಕಂಬದ ಮರೆಯಲ್ಲಿ ಕಿವಿಗೊಟ್ಟು ನಿಂತಳು. ಮುಂದಿನ ಮನೆ ಸೋಮಮ್ಮನದು, ಅವಳು ಸುಲಭಕ್ಕೆ ಕೈ ಬಿಚ್ಚುವವಳಲ್ಲ.

"ಹರವೆಯ ಮಾದೇಶ್ ಎಂಬ ಏಳು ವರ್ಷದ ಬಾಲಕನಿಗೆ ಹೃದಯದಲ್ಲಿ..." ಗಿರೀಶನ ಪಾಠ ಶುರುವಾಯಿತು. ನಡುವೆಯೇ ನಿಂತುಹೋಯಿತು.

"ನನ್ನ ತಮ್ಮ ಕಣಕ್ಕ ಅವನು," ಎಂದಿತು ಹುಡುಗಿಯ ದನಿ. "ನನ್ನ ಒಡಹುಟ್ದೋನು."

ಶಾಂತಮಲ್ಲಮ್ಮ ಕಂಬದಾಚೆ ಬಗ್ಗಿ ನೋಡಿದಳು. ನಾಗಲಕ್ಷ್ಮಿ ಎಲ್ಲರಿಗಿಂತ ಮುಂದೆ, ಸೋಮಮ್ಮನ ಹೊಸ್ತಿಲ ಎದುರಿಗೆ ನಿಂತಿದ್ದಳು. ಮಲ್ಲೇಶ ಡಬ್ಬವನ್ನು ಎದೆಯ ಮಟ್ಟಕ್ಕೆ ಎತ್ತಿ ಫೋಟೊ ಕಾಣುವ ಹಾಗೆ ಹಿಡಿದಿದ್ದ. ರಾಗಿ ಏನು ಮಾಡುವುದೆಂದು ಕೇಳಿದ್ದ ಗಿರೀಶ್, ತನ್ನ ಬ್ಯಾಗಿನ ಪುಸ್ತಕಗಳನ್ನೆಲ್ಲ ತೆಗೆದು ಕಂಕುಳಲ್ಲಿ ಸಿಕ್ಕಿಸಿಕೊಂಡು, ಖಾಲಿ ಬ್ಯಾಗಿನ ಬಾಯಿಯನ್ನು ಅಗಲಿಸಿ ಅವಳ ಮಡಿಲಿಗೆ ಒಡ್ಡಿದ್ದ.