ಯಾರ ಕಡೆಯವಳು?

ಆ ಹೆಂಗಸು ಇವತ್ತೂ ಬಂದಿದ್ದಳು.

ಬ್ಯಾಸ್ಕೆಟ್‌ಬಾಲ್ ಅಂಕಣದ ಗ್ಯಾಲರಿಯಲ್ಲಿ, ಮೂರನೇ ಸಾಲಿನ ತುದಿಗೆ, ಎರಡೂ ಕಾಲೇಜುಗಳ ಅಪ್ಪ ಅಮ್ಮಂದಿರಿಂದ ದೂರ, ಒಬ್ಬಳೇ. ಉಳಿದ ತಾಯಂದಿರೆಲ್ಲ ಮಗಳ ನಂಬರಿನ ಅಂಗಿ ತೊಟ್ಟು ಮೆರೆಯುತ್ತಿದ್ದರೆ ಇವಳದು ಅದೇ ಬೂದು ಕೋಟು. ಯಾರು ಬುಟ್ಟಿಗೆ ಚೆಂಡು ಹಾಕಿದರೂ ಚಪ್ಪಾಳೆಯಿಲ್ಲ.

"ಬಂದ್ಲು ನೋಡು ಶನಿ," ಎಂದಳು ನೋರೀನ್.

ಗಂಡ ಡುವೇನ್ ತಲೆ ಎತ್ತಲಿಲ್ಲ. ನೆಬ್ರಾಸ್ಕದಲ್ಲಿ ಹುಟ್ಟಿದ ಗಂಡಸಿಗೆ ಚಿಲಿ ಸಾರು, ದಾಲ್ಚಿನ್ನಿ ಬನ್ನು ಕೈಯಲ್ಲಿದ್ದರೆ ಪ್ರಪಂಚ ಮುಳುಗಿದರೂ ಚಿಂತೆಯಿಲ್ಲ.

"ಅವಳು ಬಂದ ದಿನ ನಾವು ಒಂದಾದ್ರೂ ಗೆದ್ದಿದೀವಾ, ಹೇಳು?"

"ಬರದೇ ಇದ್ದ ದಿನಾನೂ ಸೋತಿದೀವಲ್ಲೇ ಮಾರಾಯ್ತಿ. ಕುಣಿಯೋಕೆ ಬರದೋರು ನೆಲ ಡೊಂಕು ಅಂದ್ರಂತೆ."

ಮಾತು ನಿಜ. ಅದಕ್ಕೇ ನೋರೀನಳ ಮೈಯೆಲ್ಲ ಉರಿಯಿತು. ಕಾಟನ್‌ವುಡ್ ಕಾಲೇಜಿನ ಹುಡುಗಿಯರಿಗೆ ಈ ಚಳಿಗಾಲ ಮುಟ್ಟಿದ್ದೆಲ್ಲ ಮಣ್ಣು. ಗೆದ್ದೇಬಿಟ್ಟೆವು ಅನ್ನುವ ಪಂದ್ಯವನ್ನೂ ಕೊನೆಯ ಗಳಿಗೆಯಲ್ಲಿ ಕೈಚೆಲ್ಲುತ್ತಿದ್ದರು. ಅವರ ಗುಂಪಿನ, ಅಂದರೆ ಕಾನ್ಫರೆನ್ಸಿನ, ಎಂಟು ಕಾಲೇಜುಗಳಲ್ಲಿ ಮೊದಲ ನಾಲ್ಕಕ್ಕೆ ಮಾತ್ರ ಮುಂದಿನ ಟೂರ್ನಿ. ಕಾಟನ್‌ವುಡ್ ಐದನೆಯದು. ಇವತ್ತು ನಾಲ್ಕನೆಯ ಪ್ರೇರಿ ಕ್ರೀಕನ್ನು ಸೋಲಿಸಿದರೆ ಉಂಟು, ಇಲ್ಲದಿದ್ದರೆ ಗಂಟುಮೂಟೆ ಕಟ್ಟುವುದೇ. ಮಗಳು ಬ್ರೆನ್ನಾಗೆ ಇದು ಕಾಲೇಜಿನ ಕೊನೆಯ ವರ್ಷ. ಸೋತರೆ ಅವಳ ಆಟ ಇಲ್ಲಿಗೇ ಮುಗಿಯಿತು. ಪುಟ್ಟ ಹುಡುಗಿಯಾಗಿದ್ದಾಗ ಅವಳಿಗೆಂದು ಕೊಟ್ಟಿಗೆಯ ಗೋಡೆಗೆ ಚೆಂಡು ಹಾಕುವ ಕಬ್ಬಿಣದ ಬಳೆ ಹೊಡೆದುಕೊಟ್ಟವಳು ನೋರೀನಳೇ.

ಬೂದು ಕೋಟಿನವಳು ಪ್ರೇರಿ ಕ್ರೀಕಿನ ಗೂಢಚಾರಿಣಿ ಎಂದು ನೋರೀನ್ ಎಂದೋ ತೀರ್ಮಾನಿಸಿದ್ದಳು. ಎದುರಾಳಿಯ ಆಟ ನೋಡಿ ಬರಲು ಕಾಲೇಜುಗಳು ಜನ ಕಳಿಸುವುದು ಹೊಸದೇನಲ್ಲ. ಪುರಾವೆಯೂ ಇತ್ತು. ಹಿಂದಿನ ತಿಂಗಳು ಪ್ರೇರಿ ಕ್ರೀಕಿನಲ್ಲಿ ಚೆಂಡಿಗಾಗಿ ನೂಕಾಟವಾಗಿ ಅವರ ಎತ್ತರದ ಹುಡುಗಿ, ನಮ್ಮವರಿಬ್ಬರು, ಸೀಟಿ ಊದುವವಳು, ಎಲ್ಲ ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಎಂದೂ ಏಳದ ಈ ಹೆಂಗಸು ಅಂದು ಬಾಯಿಗೆ ಕೈಯಿಟ್ಟು ಎದ್ದು ನಿಂತಿದ್ದಳು. ಆ ಎತ್ತರದ ಹುಡುಗಿಗೆ ಪೆಟ್ಟಾಯಿತೆಂದಲ್ಲದೆ ಇನ್ಯಾಕೆ?

ಅರ್ಧ ಆಟ ಮುಗಿದಾಗ ಕಾಟನ್‌ವುಡ್ ಹಿಂದಿತ್ತು. ಚಿಲಿ ಸಾರಿನ ಸಾಲಿನಲ್ಲಿ ಆ ಹೆಂಗಸು ಎದುರಿಗೇ ಸಿಕ್ಕಳು. ನೋರೀನ್ ಬಿಡುತ್ತಾಳೆಯೇ?

"ನೀವು ಯಾರ ಕಡೆಯೋರು?"

"ಯಾರ ಕಡೇನೂ ಅಲ್ಲ. ಆಗೋ ಹಾಗೂ ಇಲ್ಲ."

"ನಿಮ್ಮೋರು ಯಾರಾದ್ರೂ ಆಡ್ತಿದಾರಾ?"

"ಆಡೋರು ಯಾರೂ ಇಲ್ಲ."

"ಮತ್ತೆ ಈ ಹಿಮದಲ್ಲಿ ಅಷ್ಟು ದೂರದಿಂದ ಯಾಕೆ ಒದ್ದಾಡ್ಕೊಂಡು ಬರ್ತೀರಿ?"

"ಯಾರಾದ್ರೂ ಒಬ್ರು ಬರ್ಬೇಕಲ್ಲ." ಹೆಂಗಸು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನಿಮ್ಮ ಮಗಳು ಒಳ್ಳೇ ಹುಡುಗಿ. ಬಿದ್ದೋರಿಗೆ ಕೈ ಕೊಟ್ಟು ಎಬ್ಬಿಸ್ತಾಳೆ. ಆದ್ರೆ ಅಮ್ಮಾ, ನೀವು ಮೇಲಿಂದ ಕೂಗೋದೆಲ್ಲ ಕೆಳಗೆ ಚೆನ್ನಾಗಿ ಕೇಳ್ಸುತ್ತೆ."

"ಕೇಳ್ಸ್ಲಿ ಅಂತಾನೇ ಕೂಗೋದು!"

ಬುದ್ಧಿ ಹೇಳುವುದಕ್ಕೆ ಬಂದಳು, ದೊಡ್ಡ ಮನುಷ್ಯಳು! ನೋರೀನ್ ಸಾರನ್ನೂ ಕೊಳ್ಳದೆ ವಾಪಸಾದಳು.

ಆಮೇಲೆ ಹುಡುಗಿಯರು ನಿಜಕ್ಕೂ ಆಡಿದರು. ಅಂತರ ಕರಗುತ್ತಾ ಬಂತು. ಆದರೆ ಬ್ರೆನ್ನಾಳ ಮೇಲೆ ಮೂರನೇ ಫೌಲ್, ಹಿಂದೆಯೇ ನಾಲ್ಕನೆಯದು. ಐದಾದರೆ ಆಟದಿಂದ ಹೊರಗೆ.

"ಕಣ್ಣು ಕಾರಲ್ಲೇ ಬಿಟ್ಟು ಬಂದಿದೀಯೇನೇ?" ನೋರೀನ್ ಸೀಟಿ ಊದುವವಳತ್ತ ಕಿರುಚಿದಳು. "ಆ ಸೀಟೀನ ನುಂಗ್ಬಿಡು, ಪುಣ್ಯ ಬರುತ್ತೆ!"

ಸುತ್ತಲಿನವರು ನಕ್ಕರು. ನಕ್ಕಷ್ಟೂ ಅವಳ ದನಿ ಏರಿತು. "ಸಾಕು ಬಿಡೇ," ಎಂದು ಡುವೇನ್ ತೋಳು ಜಗ್ಗಿದ. ಮೂರನೇ ಸಾಲಿನ ತುದಿಯಲ್ಲಿ ಬೂದು ಕೋಟು ತಲೆ ತಗ್ಗಿಸಿಕೊಂಡಿತ್ತು. ಗೂಢಚಾರಿಣಿಗೆ ಗಲಾಟೆ ಆಗಿಬರುವುದಿಲ್ಲವೇನೋ.

ಕೊನೆಯ ಗಳಿಗೆ. ಒಂದೇ ಅಂಕ ಹಿಂದೆ. ಚೆಂಡು ಬ್ರೆನ್ನಾಳ ಕೈಯಲ್ಲಿ. ಅವಳು ನುಗ್ಗಿದಳು. ಅಡ್ಡ ನಿಂತಿದ್ದ ಹುಡುಗಿ ಅಂಗಾತ ಬಿದ್ದಳು. ಚೆಂಡು ಬಳೆಯೊಳಗೆ ಇಳಿಯಿತು. ಇಡೀ ಕಾಟನ್‌ವುಡ್ ಎದ್ದು ಕುಣಿಯಿತು.

ಸೀಟಿ ಕೂಗಿತು. ಬ್ರೆನ್ನಾಳದು ಐದನೇ ಫೌಲ್. ಬುಟ್ಟಿಗೆ ಬಿದ್ದದ್ದು ಲೆಕ್ಕಕ್ಕಿಲ್ಲ.

ಬ್ರೆನ್ನಾ ತಾನಾಗಿಯೇ ಕೈ ಎತ್ತಿ ತಪ್ಪು ಒಪ್ಪಿಕೊಂಡಳು. ಬಿದ್ದವಳನ್ನು ಎಬ್ಬಿಸಿ, ಹೋಗಿ ಬೆಂಚಿನ ಮೇಲೆ ಕುಳಿತಳು. ಮಗಳು ಎತ್ತಿದ ಕೈ ನೋರೀನಳಿಗೆ ಕಾಣಿಸಿತು. ಕಂಡರೂ ಕಾಣದವಳಂತೆ ಸೀಟಿಯವಳನ್ನೇ ದುರುಗುಟ್ಟಿ ನೋಡಿದಳು. ಉಳಿದ ಕ್ಷಣಗಳು ಕಳೆದವು, ಪ್ರೇರಿ ಕ್ರೀಕಿನವರು ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಬ್ರೆನ್ನಾ ಟವಲಿನಲ್ಲಿ ಮುಖ ಹುದುಗಿಸಿಕೊಂಡಳು.

ಮಗಳ ಭುಜ ನಡುಗುವುದನ್ನು ಕಂಡಿದ್ದೇ ತಡ, ನೋರೀನ್ ದಡದಡ ಮೆಟ್ಟಿಲಿಳಿದು ಮೂರನೇ ಸಾಲಿನ ಕಂಬಿ ಹಿಡಿದು ನಿಂತಳು. ಸೀಟಿಯವಳು ಅದೇ ದಾರಿಯಲ್ಲಿ ಹೊರಗೆ ಹೋಗಬೇಕಿತ್ತು. ಹತ್ತಿರದಿಂದ ನೋಡಿದರೆ ಇನ್ನೂ ಎಳೆಯ ಮುಖ. ಬ್ರೆನ್ನಾಗಿಂತ ನಾಲ್ಕೈದು ವರ್ಷ ದೊಡ್ಡವಳಿದ್ದಾಳು, ಅಷ್ಟೆ.

"ಥೂ ನಿನ್ನ! ನನ್ನ ಮಗಳ ಬಾಳು ಹಾಳ್ಮಾಡ್ದೆಯಲ್ಲೇ! ನಿನ್ನಂಥೋಳನ್ನ ಹೆತ್ತ ಮಹಾತಾಯಿ ಯಾರೇ? ಒಂದ್ಸಲ ಆ ಮುಖ ನೋಡ್ಬೇಕಿತ್ತು ನಾನು!"

ಹುಡುಗಿ ನೋರೀನಳ ಕಡೆ ನೋಡಲೇ ಇಲ್ಲ. ಅವಳ ಪಕ್ಕಕ್ಕೆ ನೋಡಿ, ಬೇಡ ಎನ್ನುವಂತೆ ಮೆಲ್ಲನೆ ತಲೆಯಾಡಿಸಿದಳು.

"ನಾನೇ," ಎಂದು ಬೂದು ಕೋಟಿನ ಹೆಂಗಸು ಎದ್ದು ನಿಂತಳು. "ನೋಡ್ಕೊಳ್ಳಿ."